ರಾಹುಕಾಲದಲ್ಲಿ ದೆಹಲಿಗೆ ಹಾರಿದ ವಿಮಾನದ ಅಧಿಕಾರಿಗಳಿಗೆ

ಮಾನ್ಯರೇ,

ಬೆಂಗಳೂರಿನಿಂದ ದೆಹಲಿಗಿರುವ ಸುಮಾರು ಸಾವಿರದ ಏಳುನೂರು ಕಿಲೋಮೀಟರನ್ನು ಎರಡೂವರೆ ಗಂಟೆಯಲ್ಲಿ ಮುಗಿಸುತ್ತೇವೆಂದು ವೇಳಾಪಟ್ಟಿಯಲ್ಲಿ ಅಚ್ಚು ಹಾಕಿಸಿರುವ ತಮ್ಮ ಧೈರ್ಯಕ್ಕೆ ಕತ್ರಿಗುಪ್ಪೆಯ ನಾರಾಯಣಮ್ಮ ಮಾಡುವ ಅನಂತ ನಮಸ್ಕಾರಗಳು. ನಮ್ಮ ಮನೆಯಿಂದ ತಮ್ಮ ವಿಮಾನ ನಿಲ್ದಾಣಕ್ಕೆ ಎರಡು ಬಸ್ಸು ಬದಲಾಯಿಸಿ ಬರುವುದಕ್ಕೇ ಹೆಚ್ಚುಕಮ್ಮಿ ಅಷ್ಟು ಹೊತ್ತು ಹಿಡಿಯುವುದರಿಂದ, ದೆಹಲಿ ಇಷ್ಟು ಹತ್ತಿರವಿದೆಯೆಂದು ತಿಳಿದು ನಾನು ಬಹಳ ಸಂತೋಷಪಟ್ಟೆ.

ದೆಹಲಿಯಲ್ಲಿ ಕೆಲಸದಲ್ಲಿರುವ ನನ್ನ ತಮ್ಮ ಬೈರಣ್ಣನಿಗೆ ಮದುವೆಯಾಗಿ ಹನ್ನೊಂದು ವರ್ಷದ ಮೇಲೆ ಹೆಣ್ಣು ಮಗುವಾಯಿತು. ನಾಮಕರಣದಲ್ಲಿ ಮಗುವಿನ ಕಿವಿಯಲ್ಲಿ ಮೊದಲು ಹೆಸರು ಹೇಳಬೇಕಾದವಳು ಸೋದರತ್ತೆ, ಎಂದರೆ ನಾನು. ಸೋಮವಾರ ಹನ್ನೆರಡೂಕಾಲಿಗೆ ಮುಹೂರ್ತ; ತಮ್ಮ ವಿಮಾನ ಹೊರಡುವುದು ಬೆಳಿಗ್ಗೆ ಏಳು ಗಂಟೆ ಐದು ನಿಮಿಷಕ್ಕೆ; ರಾಹುಕಾಲ ಹುಟ್ಟುವುದು ಏಳೂವರೆಗೆ. ಪಂಚಾಂಗ ನೋಡಿಯೇ ವೇಳೆ ಗೊತ್ತುಮಾಡಿದ ಪುಣ್ಯಾತ್ಮರು ತಮ್ಮ ಕಚೇರಿಯಲ್ಲಿದ್ದಾರೆಂದು ನಂಬಿ, ಬೈರಣ್ಣ ಕಳಿಸಿದ್ದ ಟಿಕೀಟನ್ನು ದೇವರ ಮುಂದಿಟ್ಟು ಹೊರಟೆ.

ಆದರೆ ಅಂದು ತಾವು ಹೊರಡುವ ವೇಳೆಯನ್ನು ನಲವತ್ತು ನಿಮಿಷ ಮುಂದೂಡಿ, ರಾಹುಕಾಲ ಹುಟ್ಟುವುದನ್ನೇ ಕಾದಿದ್ದವರಂತೆ, ಏಳು ಮೂವತ್ತೈದಕ್ಕೆ ನಮ್ಮನ್ನು ಹತ್ತಲು ಕರೆದಿರಿ. “ಈಗ ಬ್ಯಾಡ ಕಣಮ್ಮ, ಒಂಬತ್ತಕ್ಕೆ ಹತ್ತೀನಿ, ಅಲ್ಲೀವರ್ಗೂ ಒಸಿ ನಿಲ್ಸಿರಿ” ಎಂದು ಬಾಗಿಲಲ್ಲಿದ್ದ ಹುಡುಗಿಯನ್ನು ಕೇಳಿಕೊಂಡೆ. ನಮ್ಮ ಬಸ್ಸಿನ ಕಂಡಕ್ಟರು ಹನುಮಯ್ಯನವರು ನಾನು ಮನೆಗೆ ಬೀಗ ಹಾಕಿ ಬರುವವರೆಗೂ ಬಸ್ಸು ನಿಲ್ಲಿಸುವವರು. ತಮ್ಮ ವಿಮಾನಕ್ಕೆ ಅಷ್ಟು ಸೌಜನ್ಯವಿಲ್ಲವೆಂದು ನನಗೇನು ಗೊತ್ತು? ಒಂಬತ್ತಕ್ಕೆ ಹೊರಟರೆ ಹನ್ನೊಂದೂವರೆಗೆ ದೆಹಲಿ, ಮುಕ್ಕಾಲು ಗಂಟೆ ಟ್ಯಾಕ್ಸಿ, ಹನ್ನೆರಡೂಕಾಲಿಗೆ ತೊಟ್ಟಿಲ ಮುಂದೆ ಎಂದು ತಮ್ಮದೇ ಲೆಕ್ಕವನ್ನು ಒಪ್ಪಿಸಿದೆ. “ಪ್ಲೇನ್ ನಿಲ್ಸಕ್ಕಾಗಲ್ಲ ಮೇಡಂ, ಬೇಗ ಬನ್ನಿ” ಎಂದು ಆ ಮಗು ಮೂರು ಸಲ ಕರೆಯಿತು, ನಾನು ಮೂರು ಸಲವೂ ಕೂತಲ್ಲೇ ಕೂತಿದ್ದೆ, ವಿಮಾನ ನನ್ನನ್ನು ಬಿಟ್ಟೇ ಹೊರಟಿತು.

ಆದ್ದರಿಂದ ನನ್ನ ವಿನಂತಿ ಸಣ್ಣದು. ನಾವು ರಾಹುಕಾಲಕ್ಕೆ ಮುಂಚೆ ಬ್ಯಾಗನ್ನು ಪಕ್ಕದ ಮನೆಯಲ್ಲಿಟ್ಟು ಪ್ರಯಾಣ ಹೊರಟಂತೆ ಶಾಸ್ತ್ರ ಮಾಡಿಕೊಳ್ಳುವ ಹಾಗೆ, ತಾವೂ ತಡವಾಗುವ ದಿನ ವಿಮಾನವನ್ನು ಏಳು ಇಪ್ಪತ್ತೈದಕ್ಕೆ ನಾಲ್ಕು ಮಾರು ಉರುಳಿಸಿ ನಿಲ್ಲಿಸಬೇಕು. ಅದೂ ಆಗದಿದ್ದರೆ, ಒಂದು ಸೋಮವಾರದ ಮಟ್ಟಿಗೆ ದೆಹಲಿಯನ್ನೇ ನಮ್ಮ ಬೆಂಗಳೂರಿನ ಬಿಳೇಕಹಳ್ಳಿಯ ಆಚೆ ತಂದಿಟ್ಟರೆ ನಾನು ನಡೆದೇ ಹೋಗುತ್ತೇನೆ.

ನಮ್ಮ ತಾಯಿಯ ಹೆಸರನ್ನು ಮಗುವಿನ ಕಿವಿಯಲ್ಲಿ ಹೇಳಿದವರು ಬೈರಣ್ಣನ ಮೇಲಿನ ಮನೆಯ ಕಮಲಾದೇವಿ ಎಂಬವರಂತೆ. ಅವರು ನಮ್ಮ ತಾಯಿಯನ್ನು ಕಂಡವರಲ್ಲ. ಕೇಳಿದಾಗ ಹೊಟ್ಟೆ ಉರಿಯಿತು ಮಾನ್ಯರೇ, ಆಮೇಲೆ ಅಳು ಬಂತು.

ಗಡಿಯಾರವೊಂದನ್ನು ಬಿಟ್ಟು ಮಿಕ್ಕೆಲ್ಲದರಲ್ಲೂ
ತಮ್ಮ ವಿಶ್ವಾಸಿ,
ನಾರಾಯಣಮ್ಮ

ವಿ.ಸೂ.: ತಮ್ಮ ವಿಮಾನ ಅಂದು ರಾಹುಕಾಲದಲ್ಲೇ ಎದ್ದು, ಒಂದು ಕೂದಲೂ ಕೊಂಕದೆ ಹತ್ತೂಕಾಲಿಗೆ ದೆಹಲಿಯಲ್ಲಿ ಇಳಿಯಿತೆಂದು, ಕಾಯುತ್ತ ನಿಂತಿದ್ದ ಬೈರಣ್ಣ ಕಾಗದ ಬರೆದಿದ್ದಾನೆ. ನನ್ನ ಖಾಲಿ ಸೀಟು ನಾಮಕರಣಕ್ಕೆ ಎರಡು ಗಂಟೆ ಮೊದಲೇ ಹೋಗಿ ತಲುಪಿತ್ತು. ತಡಮಾಡಿದ್ದನ್ನು ಕ್ಷಮಿಸಿದ್ದೇನೆ, ಸುಖವಾಗಿ ಇಳಿದದ್ದನ್ನು ಮಾತ್ರ ಈ ಜನ್ಮದಲ್ಲಿ ಕ್ಷಮಿಸಲಾರೆ.