ಮಾವನಿಗೊಂದು ಏಳುವ ಕುರ್ಚಿ

ಕುರ್ಚಿ ಇರುವುದು ಕೂರುವುದಕ್ಕೆ ಎಂದೇ ನಾನು ಐವತ್ತು ದಾಟುವವರೆಗೂ ನಂಬಿಕೊಂಡಿದ್ದೆ. ಇದಕ್ಕೆ ನನ್ನ ಉದ್ಯೋಗವೂ ಒಂದು ಕಾರಣ. ಸಹಕಾರಿ ಸಂಘದ ಗುಮಾಸ್ತನಾದ ನಾನು ಬೆಳಿಗ್ಗೆ ಕೂತರೆ ಏಳುವುದು ಊಟದ ಹೊತ್ತಿಗೆ. ನಡುವೆ ಮ್ಯಾನೇಜರು ಬಂದರೆ, ಇನ್ನೇನು ಎದ್ದೇ ಬಿಡುವವನಂತೆ ಒಮ್ಮೆ ಅಲುಗಾಡುತ್ತೇನೆ. ಅವರು ‘ಇರಲಿ, ಇರಲಿ’ ಎನ್ನುತ್ತಾರೆ. ಅಲ್ಲಿಗೆ ಮರ್ಯಾದೆ ಸಂದಾಯವಾಗುತ್ತದೆ. ನಮ್ಮ ಕಡೆ ಮರ್ಯಾದೆಯ ಅರ್ಧ ಇರುವುದು ಏಳುವುದರಲ್ಲಿ, ಇನ್ನರ್ಧ ‘ಏಳಬೇಡಿ’ ಎನ್ನುವುದರಲ್ಲಿ.

ಹೀಗೆ ಅಲುಗಾಟದಲ್ಲಿ ಮುಗಿಸದೆ ಪೂರ್ತಿ ಎದ್ದು ನಿಲ್ಲುತ್ತಿದ್ದವರು ನನ್ನ ಅಮ್ಮನ ಅಣ್ಣ, ಸಂಜೀವ ಮಾವ. ಕಲ್ಲಡ್ಕದಲ್ಲಿ ಬಹಳ ಕಾಲ ಹೋಟೆಲು ನಡೆಸಿದವರು. ಪರಿಚಯದ ಮುಖವೊಂದು ಬಾಗಿಲಲ್ಲಿ ಕಂಡರೆ ಸಾಕು, ಗಲ್ಲಾಪೆಟ್ಟಿಗೆಯ ಹಿಂದಿನಿಂದ ಎದ್ದು ‘ಬನ್ನಿ ಬನ್ನಿ’ ಎನ್ನುತ್ತಿದ್ದರು. ಅಲ್ಲಿಯ ಸಾಂಬಾರಿಗಿಂತ ಆ ಏಳುವುದಕ್ಕೇ ಜನ ಬರುತ್ತಿದ್ದರು ಎಂದು ಅವರಿಗೆ ಆಗದವರೂ ಒಪ್ಪುತ್ತಿದ್ದರು. ಸಾಂಬಾರು ತಿಂದಿದ್ದ ನಾನೂ ಒಪ್ಪುತ್ತೇನೆ. ಮದುವೆಯಾಗದ ಮಾವ ಹೋಟೆಲು ಬಿಟ್ಟ ಮೇಲೆ ಬೆಳುವಾಯಿಯ ನಮ್ಮ ಮನೆಗೆ ಬಂದರು. ಅಳಿಯನ ಮನೆ ಎಂದರೆ ಅವರಿಗೆ ಅವರದೇ ಮನೆ.

ಆಮೇಲೆ ಎರಡೂ ಮೊಣಕಾಲು ಸವೆದವು. ಹೃದಯದ ಸ್ಥಿತಿ ನೋಡಿ ಡಾಕ್ಟರು ಆಪರೇಷನ್ ಬೇಡವೆಂದರು. ಒಮ್ಮೆ ನಿಂತರೆ ಕೋಲು ಹಿಡಿದು ಮನೆಯೆಲ್ಲ ತಿರುಗುತ್ತಾರೆ, ಏಳುವುದೊಂದೇ ಆಗದು. ಕಂಕುಳಿಗೆ ಕೈ ಕೊಟ್ಟು ಒಂದು ಕಡೆ ನಾನು, ಇನ್ನೊಂದು ಕಡೆ ಹೆಂಡತಿ ಶೋಭಾ ಎತ್ತಬೇಕು. ಅಲ್ಲಿಂದ ಮಾವನಿಗೆ ಹೊಸ ನಮೂನೆಯ ನಿದ್ದೆಯೊಂದು ಶುರುವಾಯಿತು. ಗೇಟಿನ ಸದ್ದಾದರೆ ಸಾಕು, ಕಣ್ಣು ಮುಚ್ಚಿ ಗೊರಕೆ. ಬಂದವರು ‘ಪಾಪ, ಮಲಗಿದ್ದಾರೆ’ ಎಂದು ಮೆಲ್ಲಗೆ ಚಾ ಕುಡಿದು ಹೋಗುತ್ತಿದ್ದರು. ಅವರು ಗೇಟು ದಾಟಿದ್ದೇ ತಡ ಮಾವ ಕಣ್ಣು ಬಿಟ್ಟು, ‘ಅಂತೂ ಅವರ ಮಗಳಿಗೆ ಸಂಬಂಧ ಕೂಡಿ ಬಂತಲ್ಲ, ಒಳ್ಳೇದಾಯಿತು’ ಎನ್ನುತ್ತಿದ್ದರು.

‘ಗೊರಕೆ ಹೊಡೆಯುವಾಗ್ಲೂ ನಿಮಗೆ ಎಲ್ಲ ಕೇಳ್ತದಾ ಮಾವ?’ ಎಂದು ಒಂದು ದಿನ ಶೋಭಾ ಕೇಳಿಯೇ ಬಿಟ್ಟಳು.

‘ಮತ್ತೆಂತ ಮಾಡುವುದು? ಜನ ಬರುವಾಗ ಅಕ್ಕಿಮುಡಿಯ ಹಾಗೆ ಇಟ್ಟಲ್ಲೇ ಕೂತಿರ್ಲಿಕ್ಕೆ ಆಗ್ತದಾ?’

ನನಗೆ ನಗು ಬರಲಿಲ್ಲ. ಮಾತಿಲ್ಲದೆ ಬದುಕಲಾರದ ಮನುಷ್ಯ, ಏಳಲಾಗದ ನಾಚಿಕೆಗೆ ಮಾತನ್ನೇ ಬಿಟ್ಟಿದ್ದರು. ಹೀಗೇ ನಡೆದರೆ ಬರುವವರೂ ಬರುವುದನ್ನು ನಿಲ್ಲಿಸುತ್ತಾರೆ, ಆಗ ಮಾವ ನಿಜವಾಗಿಯೇ ಮಲಗಿಬಿಡುತ್ತಾರೆ ಎಂದು ಹೆದರಿಕೆಯಾಯಿತು.

ಗುಂಡಿ ಒತ್ತಿದರೆ ಕೂತವರನ್ನು ಎತ್ತಿ ನಿಲ್ಲಿಸುವ ಕುರ್ಚಿ ಉಂಟು ಎಂದು ಪತ್ತೆ ಮಾಡಿದವಳು ಶೋಭಾ. ಮೂಡುಬಿದಿರೆಯ ಫರ್ನಿಚರ್ ಅಂಗಡಿಗೆ ಮೂವರೂ ಹೋದೆವು. ಅಲ್ಲಿ ನಾನು ಮಾಡಿದ್ದನ್ನು ಹೇಳಿದರೆ ನೀವು ನಗುತ್ತೀರಿ. ಏಳುವ ಕುರ್ಚಿಯನ್ನು ನಾನು ಮಲಗಿ ಪರೀಕ್ಷಿಸಿದೆ. ಕಂದು ಬಣ್ಣದ್ದು, ಬೆಣ್ಣೆಯಂಥ ಮೆತ್ತೆ, ಬೆನ್ನು ತಿಕ್ಕುವ ಯಂತ್ರ, ಲೋಟ ಇಡಲು ಕೈಯ ಪಕ್ಕದಲ್ಲೇ ಗುಳಿ. ಕಾಲು ಚಾಚಿ, ‘ಇದೇ ಆಗಬಹುದು’ ಎಂದೆ. ‘ಯಾರಿಗೆ?’ ಎಂದಳು ಶೋಭಾ. ಅವಳು ಪಾದ ನೆಲಕ್ಕೆ ತಾಗುತ್ತದೋ, ಕೈ ಊರುವ ಜಾಗ ಗಟ್ಟಿ ಉಂಟೋ, ಗುಂಡಿ ಮಾವನ ಕಣ್ಣಿಗೆ ಕಾಣುವಷ್ಟು ದೊಡ್ಡದೋ ಎಂದು ಒಂದೊಂದನ್ನೇ ವಿಚಾರಿಸುತ್ತಿದ್ದಳು. ಮಾವ ಮಾತ್ರ ಕೋಲೂರಿ ನಿಂತೇ ಇದ್ದರು. ಅವರದು ಒಂದೇ ಪ್ರಶ್ನೆ.

‘ಕರೆಂಟು ಹೋದ್ರೆ? ಅರ್ಧಕ್ಕೆ ಹೋದ್ರೆ ನಾನು ಅದು ಬರುವವರೆಗೆ ನೇತಾಡಿಕೊಂಡು ಇರುವುದಾ?’

ಬ್ಯಾಟರಿ ಉಂಟು ಎಂದರು ಅಂಗಡಿಯವರು. ಆದರೂ ಮಾವ ಕೂರಲಿಲ್ಲ. ಕೂತ ಮೇಲೆ ಯಂತ್ರ ಕೈಕೊಟ್ಟರೆ, ಅಷ್ಟು ಜನರ ಎದುರು ನಾವಿಬ್ಬರು ಅವರನ್ನು ಎತ್ತಬೇಕಲ್ಲ.

ಕೊನೆಗೆ ಮಾಲಕರು ಚಾ ತರಿಸಿದರು. ‘ಚಾ ನಿಂತು ಕುಡಿಯುವುದಾ? ಕೂತ್ಕೊಳ್ಳಿ ಮಾರಾಯ್ರೆ’ ಎಂದರು. ಚಾ ಕೊಟ್ಟವರ ಮಾತು ಮೀರುವುದು ಹೋಟೆಲಿನವರಿಂದ ಆಗದು. ಹತ್ತಿರವೇ ಇದ್ದ, ಏಳುವ ಕುರ್ಚಿಗಳಲ್ಲೇ ಸಾದಾ ಆದ ಬೂದು ಬಣ್ಣದ ಒಂದರಲ್ಲಿ ಮಾವ ಕೂತರು. ಅಷ್ಟರಲ್ಲಿ ಬಾಗಿಲಲ್ಲಿ ಒಬ್ಬರು ಹಳೆಯ ಮಾಸ್ಟ್ರು ಕಂಡರು. ಕಲ್ಲಡ್ಕದ ಶಾಲೆಯಲ್ಲಿದ್ದಾಗ ದಿನಾ ಮಾವನ ಹೋಟೆಲಿಗೆ ಬರುತ್ತಿದ್ದವರು, ಈಗ ಮಂಚ ನೋಡಲು ಬಂದಿದ್ದರು. ನಾನು ಮಾವನ ಮುಖ ನೋಡಿದೆ. ಕಣ್ಣು ಇನ್ನೇನು ಮುಚ್ಚುವುದರಲ್ಲಿತ್ತು. ಆದರೆ ಗೊರಕೆಗೂ ಒಂದು ಜಾಗ ಬೇಡವೇ, ಅಂಗಡಿಯ ನಡುವೆ ಹೊಡೆಯಲಾದೀತೇ? ಮಾವ ಲೋಟವನ್ನು ಶೋಭಾಳ ಕೈಗೆ ಕೊಟ್ಟು ಗುಂಡಿ ಒತ್ತಿದರು. ಕುರ್ಚಿ ಗುಂಯ್ ಎನ್ನುತ್ತ ನಿಧಾನವಾಗಿ ಮೇಲೆದ್ದಿತು, ಮಾವನೂ ಎದ್ದರು. ಕೈ ಮುಗಿದಿದ್ದ ಮಾಸ್ಟ್ರು ಮುಗಿದ ಕೈ ಇಳಿಸದೆ ಕಾದರು. ಪೂರ್ತಿ ನಿಂತ ಮೇಲೆಯೇ ಮಾವ ‘ಬನ್ನಿ ಬನ್ನಿ’ ಎಂದದ್ದು, ಅಂಗಡಿ ತಮ್ಮದೇ ಎನ್ನುವ ಹಾಗೆ. ಕಂದು ಕುರ್ಚಿಯ ಆಸೆಯನ್ನು ಅಲ್ಲಿಯೇ ಬಿಟ್ಟು ಬೂದು ಕುರ್ಚಿಯನ್ನು ಮನೆಗೆ ತಂದೆವು.

ತಂದ ಮೇಲೆ ಬೇರೆಯೇ ಫಜೀತಿ. ಮನೆಯ ಒಳ್ಳೆಯ ಕುರ್ಚಿ ಬಂದವರಿಗೆ ಎಂಬುದು ಮಾವನ ಕಾನೂನು. ಮೊದಮೊದಲು ನೆಂಟರನ್ನೆಲ್ಲ ಅದರಲ್ಲೇ ಕೂರಿಸಿ, ತಾವು ಬೆತ್ತದ ಕುರ್ಚಿಯಲ್ಲಿ ಸಿಕ್ಕಿಬಿದ್ದರು. ಶೋಭಾ ಗದರಿದ ಮೇಲೆ ತಾವೇ ಕೂರತೊಡಗಿದರು. ಗೇಟಿನ ಸದ್ದಾದರೆ ಈಗ ಗೊರಕೆಯಿಲ್ಲ, ಗುಂಯ್. ಆದರೆ ಬರುವವರೂ ಮರ್ಯಾದಸ್ಥರೇ ಅಲ್ಲವೇ? ‘ಅಯ್ಯೋ, ಏಳ್ಬೇಡಿ, ಏಳ್ಬೇಡಿ! ನಾವೆಂತ ಹೊರಗಿನವರಾ?’ ಎನ್ನುತ್ತಾರೆ. ಬಂದವರ ಮಾತಿಗೆ ಬೆಲೆ ಕೊಟ್ಟು ಮಾವ ಗುಂಡಿ ಬಿಡುತ್ತಾರೆ, ಕುರ್ಚಿ ಅರ್ಧಕ್ಕೆ ನಿಲ್ಲುತ್ತದೆ. ಅಷ್ಟಕ್ಕೇ ಬಿಟ್ಟರೆ ಮರ್ಯಾದೆ ಹೋಯಿತಲ್ಲ ಎಂದು ಮತ್ತೆ ಒತ್ತುತ್ತಾರೆ. ‘ಬೇಡ ಮಾರಾಯ್ರೆ!’ ಮತ್ತೆ ನಿಲ್ಲುತ್ತದೆ. ಕರೆಂಟು ಇದ್ದೂ ಮಾವ ನಡುವೆ ನೇತಾಡುತ್ತಾರೆ. ಹಾಗಾಗಿ ಈಗ ನಾನೇ ಗೇಟಿಗೆ ಓಡಿ, ‘ಏಳ್ಬೇಡಿ ಅಂತ ಮಾತ್ರ ಹೇಳ್ಬೇಡಿ’ ಎಂದು ಬಂದವರನ್ನು ಬೇಡಿಕೊಳ್ಳುತ್ತೇನೆ.

ಮೊನ್ನೆ ಭಾನುವಾರ ಮಾವ ಸ್ನಾನಕ್ಕೆ ಹೋಗಿದ್ದರು. ಕುರ್ಚಿ ಖಾಲಿ ಇತ್ತು. ಬ್ಯಾಟರಿ ಸರಿ ಉಂಟೋ ನೋಡುವ ಎಂದು, ನಿಮ್ಮಾಣೆ, ಅದಕ್ಕೆಂದೇ ಕೂತೆ. ಮಲಗಿಸುವ ಗುಂಡಿಯನ್ನೂ ಒತ್ತಿ ನೋಡಿದೆ. ಕಾಲು ಮೇಲಾಯಿತು, ಬೆನ್ನು ಹಿಂದಾಯಿತು, ಕಣ್ಣು ಎಳೆಯಿತು. ಎಚ್ಚರವಾದಾಗ ಮಾವ ಎದುರಿಗೆ ಕೋಲೂರಿ ನಿಂತಿದ್ದರು, ತಲೆ ಇನ್ನೂ ಒದ್ದೆ. ಗಡಬಡಿಸಿ ಏಳಹೊರಟೆ. ಕಾಲು ಮೇಲಿರುವಾಗ ಏಳುವುದು ಹೇಗೆ? ಗುಂಡಿಗಳಿರುವ ರಿಮೋಟಿಗಾಗಿ ತಡಕಾಡಿದರೆ ಅದು ಮೆತ್ತೆಯ ಸಂದಿಗೆ ಬಿದ್ದಿತ್ತು. ಅಂಗಾತ ಬಿದ್ದ ಆಮೆಯ ಹಾಗೆ ಕೈಕಾಲು ಆಡಿಸಿದೆ. ಮಾವ ಅವಸರವಿಲ್ಲದೆ, ಸಂತೋಷದಿಂದ ನೋಡುತ್ತ ನಿಂತರು. ಎಲ್ಲರ ಬಾಯಿಂದ ಕೇಳಿ ಕೇಳಿ ಸಾಕಾಗಿದ್ದ ಮಾತನ್ನು ತಾವೇ ಹೇಳುವ ಯೋಗ ಅವರಿಗೆ ಅಂತೂ ಕೂಡಿ ಬಂದಿತ್ತು.

‘ಏಳ್ಬೇಡ ಮಾರಾಯ, ಏಳ್ಬೇಡ’ ಎಂದರು ಮಾವ. ‘ನಾನೆಂತ ಹೊರಗಿನವನಾ?’