ಮೆಸಾನೂ ನನ್ನ ಮೆಣಸಿನಕಾಯಿ ಹರಕೆಯೂ

ನನ್ನ ಮೊಮ್ಮಗಳು ಶೈಲಾ ಡಾಕ್ಟರ್ ಆದಳು! ಸೂಜಿ ಚುಚ್ಚುವ ಡಾಕ್ಟರ್ ಅಲ್ಲ, ಫಿಸಿಕ್ಸ್ ಡಾಕ್ಟರ್. ಇವತ್ತು ಬೆಳಿಗ್ಗೆ ರೈಲಿಳಿದು ಬಂದವಳು ಹೊಸ್ತಿಲಲ್ಲೇ ಸುದ್ದಿ ಹೇಳಿದಳು. ಮೂರನೇ ಈಯತ್ತೆಗೆ ಶಾಲೆ ಬಿಟ್ಟ ನಾನು ದಾವಣಗೆರೆಯ ನಮ್ಮ ಓಣಿಯ ಮನೆಮನೆಗೂ ಸಕ್ಕರೆ ಹಂಚಿದೆ. ಕೊನೇ ಮನೆಯವರು ಊರಲ್ಲಿರಲಿಲ್ಲ, ಅವರ ಬೀಗಕ್ಕೂ ಹೇಳಿ ಬಂದೆ.

ಅವಳು ಮಾಡಿದ್ದೇನು ಅಂತ ಕೇಳಿ, ಹೇಳುತ್ತೇನೆ. ಮೆಸಾನ್ ಅಂತ ಒಂದು ಕಣ. ಕಣ್ಣಿಗೆ ಕಾಣದು, ಹುಟ್ಟಿದ್ದೇ ತಡ, ಒಡೆದು ಬೇರೆ ಕಣಗಳಾಗಿಬಿಡುತ್ತದೆ. ಹೇಗೆ ಒಡೆಯಬೇಕು ಅನ್ನುವುದಕ್ಕೂ ಸೃಷ್ಟಿಯಲ್ಲಿ ಕಟ್ಟಳೆ ಇದೆಯಂತೆ. ಎಡ-ಬಲ ಸರಿತೂಗಿಸುವಂಥ ಆ ಕಟ್ಟಳೆಗಳಿಗೆ ಸಮ್ಮಿತಿ ಅನ್ನುತ್ತಾರೆ. ಕೋಟಿಗಟ್ಟಲೆ ಮೆಸಾನುಗಳಲ್ಲಿ ಒಂದೇ ಒಂದು ಕಟ್ಟಳೆ ಮೀರಿ ಒಡೆದರೂ ದೊಡ್ಡ ದೊಡ್ಡ ಪುಸ್ತಕ ತಿದ್ದಬೇಕಂತೆ. ಅಂಥದ್ದೊಂದು ಇದೆಯೋ ಅಂತ ಹುಡುಕುವುದೇ ಶೈಲಾಳ ಕೆಲಸ. ನಾವು ಭಟ್ಟಿಯಲ್ಲಿ ಮಂಡಕ್ಕಿ ಹುರಿದು ಬಾಳಿದವರು. ಚೀಲದೊಳಗೆ ಒಂದು ಹರಳು ಹುಡುಕುವ ಕಷ್ಟ ನನಗೆ ಗೊತ್ತು.

ಮೂರು ವರ್ಷದ ಹಿಂದೆ, ಕೂಸು ಸೊರಗಿದ್ದು ನೋಡಲಾರದೆ ಹರಿಹರದ ದೇವರಿಗೆ ಹರಕೆ ಹೊತ್ತಿದ್ದೆ: "ಕಟ್ಟಳೆ ಮೀರಿದ ಮೆಸಾನು ನನ್ನ ಕೂಸಿಗೆ ಸಿಗೋವರೆಗೂ ಮೆಣಸಿನಕಾಯಿ ಬಜ್ಜಿ ಮುಟ್ಟಲ್ಲ." ದಾವಣಗೆರೆಯವರಿಗೆ ಇದೆಂಥ ತಪಸ್ಸು ಅಂತ ಬೇರೆ ಊರಿನವರಿಗೆ ತಿಳಿಯದು. ಸಂಜೆ ಮನೆಯವರೆಲ್ಲ ಬಿಸಿಬಿಸಿ ಕಡಿಯುವಾಗ ನಾನು ಗೋಡೆ ಕಡೆ ತಿರುಗಿ ಬರೀ ಮಂಡಕ್ಕಿ ಮುಕ್ಕುತ್ತಿದ್ದೆ.

"ಸಿಕ್ತೇನವ್ವಾ ಅದು?" ಇವತ್ತು ಸಕ್ಕರೆ ಹಂಚಿ ಬಂದವಳೇ ಬಜ್ಜಿಗೆಂದು ಬಾಣಲೆಗೆ ಎಣ್ಣೆ ಸುರಿಯುತ್ತಲೇ ಶೈಲಾಳನ್ನು ಕೇಳಿದೆ.

"ಇಲ್ಲಜ್ಜಿ. ಒಂದೂ ಸಿಗಲಿಲ್ಲ."

"ಮತ್ತೆ ಡಾಕ್ಟರ್ ಹೆಂಗಾದೆ?"

"ಇಷ್ಟು ಕೋಟಿಯಾಗೆ ಒಂದೂ ಇಲ್ಲ ಅಂತ ಸರಿಯಾಗಿ ತೋರಿಸಿದ್ನಲ್ಲಜ್ಜಿ, ಅದೇ ಕೆಲಸ. ಇನ್ನು ಸಾವಿರ ವರ್ಷ ಹುಡುಕಿದ್ರೂ ಸಿಗದೇ ಇರಬೌದು."

ಎಣ್ಣೆ ಡಬ್ಬಿ ಕೆಳಗಿಟ್ಟೆ. ಯಜಮಾನರು ಪೇಪರಿನ ಹಿಂದಿನಿಂದ, "ಇನ್ನೊಂದು ಸಾವಿರ ವರ್ಷ ಬರೀ ಮಂಡಕ್ಕಿ ತಿನ್ನು. ಗಟ್ಟಿಯಾಗಿರ್ತೀಯ" ಅಂದರು.

ಮಧ್ಯಾಹ್ನವೇ ಶೈಲಾಳನ್ನು ಕರೆದುಕೊಂಡು ಹರಿಹರದ ಬಸ್ಸು ಹತ್ತಿದೆ. ಅರ್ಧ ಹರಿ, ಅರ್ಧ ಹರ ಆಗಿ ನಿಂತ ದೇವರಿಗೆ, "ಎಡ-ಬಲದ ಲೆಕ್ಕ ನಿನಗೆ ಗೊತ್ತೈತೆ. ನಾನು ಓದದೋಳು, ತಪ್ಪು ಬೇಡಿದೆ" ಅಂತ ಒಪ್ಪಿಕೊಂಡೆ. ಪೂಜಾರಪ್ಪ ಎಲ್ಲ ಕೇಳಿಸಿಕೊಂಡು, "ಹರಕೆ ಬಿಡಂಗಿಲ್ಲಮ್ಮ. ಬೇಕಾದ್ರೆ ಬಜ್ಜಿ ಬದ್ಲು ಬ್ಯಾರೆ ಏನಾರ ಬಿಡ್ರಿ" ಅಂದರು. ಹಾಗಲಕಾಯಿ ಬಿಟ್ಟೆ. "ದೊಡ್ಡ ಮನಸ್ಸು ತಾಯಿ" ಅಂದರು ಅವರು. ಶೈಲಾ ಕಂಬದ ಹಿಂದೆ ಹೋಗಿ ನಕ್ಕಳು. ಹಾಗಲಕಾಯನ್ನು ನಾನು ಹುಟ್ಟಿದಾಗಿನಿಂದ ಬಾಯಿಗೆ ಸೇರಿಸಿದವಳಲ್ಲ.

ಸಂಜೆ ಮಗ, ಸೊಸೆ, ಯಜಮಾನರು, ಶೈಲಾ, ನಾನು, ಎಲ್ಲ ಪಡಸಾಲೆಯಲ್ಲಿ ನಡುವೆ ಮಂಡಕ್ಕಿ ಸುರಿದುಕೊಂಡು ಕೂತೆವು. ಸೊಸೆ ಕರಿದು ಕರಿದು ತಂದಿಟ್ಟಳು. ನಾನು ಆರನೇ ಮೆಣಸಿನಕಾಯಿಗೆ ಕೈ ಹಾಕಿದಾಗ ಯಜಮಾನರು, "ಡಾಕ್ಟರ್ ಆದೋಳು ಅವಳು, ನೀನಲ್ಲ" ಅಂದರು.

"ಅವಳು ಕೂತು ಓದಿದ್ಲು ಕಣ್ರಿ. ಬಾಯಿ ಕಟ್ಟಿದೋಳು ನಾನು" ಅಂತ ಅದನ್ನೂ ಎತ್ತಿಕೊಂಡೆ.