ಅಮ್ಮನ ಭುಜದ ಮೇಲಿನ ಕೈ

ಪುಕ್ಕಟೆ ಸಿಗುವುದನ್ನು ಕಂಡರೆ ನನಗೆ ಮೊದಲು ಭಯವಾಗುತ್ತದೆ, ಆಮೇಲೆ ಆಸೆಯಾಗುತ್ತದೆ. ಭಯವನ್ನು ಪೂರ್ತಿ ಅನುಭವಿಸುವ ಮೊದಲೇ ಆಸೆ ಬಂದು ಕುಳಿತುಬಿಡುವುದು ನನ್ನ ಹಣೆಬರಹ. ತುಮಕೂರಿನ ಹೈಸ್ಕೂಲೊಂದರಲ್ಲಿ ನಾನು ಡ್ರಾಯಿಂಗ್ ಮೇಷ್ಟ್ರು. ಹೀಗಾಗಿ ನೆಂಟರ ಲಗ್ನಪತ್ರಿಕೆ, ಗೃಹಪ್ರವೇಶದ ಫ್ಲೆಕ್ಸು ಎಲ್ಲವೂ ನನ್ನ ತಲೆಗೇ ಕಟ್ಟಿದ್ದು. ಚಿತ್ರ ತಿದ್ದಲು ನಾನು ಬಳಸುವುದು ಮುಕ್ತ ತಂತ್ರಾಂಶ. ಯಾರು ಬೇಕಾದರೂ ಬಳಸಬಹುದು, ತಾಕತ್ತಿದ್ದರೆ ಬಿಚ್ಚಿ ರಿಪೇರಿಯನ್ನೂ ಮಾಡಿಕೊಳ್ಳಬಹುದು. ಅದು ಧಾರಾಳಿ, ನನ್ನ ಲ್ಯಾಪ್‌ಟಾಪ್ ಅಲ್ಲ. ದೊಡ್ಡ ಫೋಟೊ ತೆರೆದರೆ ಉಬ್ಬಸದವರಂತೆ ಏದುಸಿರು ಬಿಟ್ಟು ನಿಂತುಬಿಡುತ್ತದೆ. "ಕ್ಲೌಡಲ್ಲಿ ಹಾಕ್ಕೊಳ್ಳಿ ಸಾರ್. ಎಲ್ಲೋ ಇರೋ ದೊಡ್ಡ ಮೆಷೀನಲ್ಲಿ ಅದು ಓಡುತ್ತೆ, ನೀವು ಇಲ್ಲಿ ಬ್ರೌಸರಲ್ಲಿ ನೋಡ್ಕೊಂಡು ಕೆಲಸ ಮಾಡಿ," ಎಂದರು ನಮ್ಮ ಶಾಲೆಯ ಕಂಪ್ಯೂಟರ್ ಮೇಡಂ. ಎಲ್ಲೋ ಎಂದರೆ ಎಲ್ಲಿ ಎಂದೆ. ಅವರಿಗೂ ಗೊತ್ತಿರಲಿಲ್ಲ. ಅಲ್ಲಿ ಕರೆಂಟು ಹೋದರೆ? ನನ್ನ ಕಡತಗಳ ಮೇಲೆ ಯಾರಾದರೂ ಕಾಫಿ ಚೆಲ್ಲಿದರೆ? ಆ ಭಯಕ್ಕೇ ಮಾತಿಗೊಮ್ಮೆ ಸೇವ್ ಒತ್ತುವ ಚಟ ಅಂಟಿಸಿಕೊಂಡೆ. ಉಳಿದಂತೆ ವ್ಯವಸ್ಥೆ ಚೆನ್ನಾಗಿಯೇ ಇತ್ತು. ಮೌಸ್ ಆಡಿಸಿದರೆ ಬಾಣದ ಗುರುತು ಮಾತ್ರ ಮುನಿಸಿಕೊಂಡ ಬೀಗರ ಹಾಗೆ, ಕರೆದು ಸ್ವಲ್ಪ ಹೊತ್ತಾದ ಮೇಲೆ ಬರುತ್ತಿತ್ತು.

ಅಷ್ಟರಲ್ಲಿ ಅಮ್ಮ ತೀರಿಕೊಂಡಳು. ಕೊನೆಯ ವರ್ಷವೆಲ್ಲ ಅವಳು ಇದ್ದದ್ದು ಕುಣಿಗಲ್ಲಿನಲ್ಲಿ ಅಕ್ಕನ ಮನೆಯಲ್ಲಿ. ಉತ್ತರಕ್ರಿಯೆಯ ಶಿವಗಣಾರಾಧನೆ ಮಾತ್ರ ಗುಬ್ಬಿಯಲ್ಲಿ ಅಣ್ಣನ ಮನೆಯಲ್ಲಿ, ಹಿರಿಯ ಮಗನೆಂದು. ಫ್ಲೆಕ್ಸಿಗೆ ಅಮ್ಮನದು ಒಂದೇ ಒಂದು ನಗುವ ಫೋಟೊ ಸಿಕ್ಕಿತು. ಯಾವುದೋ ಮದುವೆಯದು. ಪಕ್ಕದಲ್ಲಿ ಅಣ್ಣ ನಿಂತು ಅವಳ ಭುಜದ ಮೇಲೆ ಕೈ ಹಾಕಿದ್ದ. ಅಣ್ಣನನ್ನು ಕತ್ತರಿಸಿ ತೆಗೆದೆ. ಕೈ ಉಳಿಯಿತು.

ಅಕ್ಕನಿಗೆ ಕಳಿಸಿದ್ದೇ ತಡ, ಫೋನು ಬಂತು. "ಆ ಕೈ ಯಾರ್ದೋ ಪುಟ್ಟ?" ಐವತ್ತು ದಾಟಿದರೂ ಅವಳಿಗೆ ನಾನು ಪುಟ್ಟನೇ. "ವರ್ಷವೆಲ್ಲ ಅಮ್ಮನ್ನ ಎತ್ತಿ ಕೂರಿಸಿದ್ದು ನನ್ನ ಈ ಕೈ. ಒಂದಿನ ಬಂದು ನೀರು ಕುಡಿಸ್ದೋನಲ್ಲ, ಫ್ಲೆಕ್ಸಲ್ಲಿ ಮಾತ್ರ ಅವನ ಕೈ ಮೆರೀಬೇಕಾ? ಅದಿದ್ರೆ ನಾನು ಗುಬ್ಬಿಗೆ ಬರೋದಿಲ್ಲ ಕಣೋ."

ಅಣ್ಣನಿಗೆ ವಿಷಯ ಮುಟ್ಟಿಸಿದೆ. "ಹೆತ್ತ ಮಗನ ಕೈ ಕಣ್ಲಾ ಅದು! ನಾನೇನು ದಾರೀಲಿ ಹೋಗೋನಾ? ಕೈ ತೆಗೆದ್ರೆ ಫ್ಲೆಕ್ಸೂ ಬ್ಯಾಡ, ಅವಳೂ ಬರೋದು ಬ್ಯಾಡ ಬುಡು!"

ಅಕ್ಕ ಬರದಿದ್ದರೆ ಅಮ್ಮನ ಕಾರ್ಯಕ್ಕೆ ಅರ್ಥವೇನು? ನಡುವೆ ನಿಂತ ನನಗೆ ಒಂದು ಘನವಾದ ಉಪಾಯ ಹೊಳೆಯಿತು. ಹೇಗೂ ಎಲ್ಲ ಕ್ಲೌಡಿನಲ್ಲಿದೆ. ಇಬ್ಬರ ಮೊಬೈಲಿಗೂ ಲಿಂಕ್ ಕಳಿಸಿದರೆ ಒಂದೇ ಪರದೆಯನ್ನು ಮೂವರೂ ನೋಡುತ್ತ ಮಾತಾಡಿ ತೀರ್ಮಾನಿಸಬಹುದು. "ಬೆಂಕಿಗೆ ಕಿಟಕಿ ತೆಗೀತಿದೀರ," ಎಂದಳು ಹೆಂಡತಿ. ನಾನು ಕೇಳಲಿಲ್ಲ. ಲಿಂಕಿನಲ್ಲಿ ಎರಡು ಬಗೆ: ಬರೀ ನೋಡುವುದು, ಮುಟ್ಟಿ ತಿದ್ದುವುದು. ಗಡಿಬಿಡಿಯಲ್ಲಿ ಕಳಿಸಿದ್ದು ಎರಡನೆಯದನ್ನು. ಪರದೆಯಲ್ಲಿ ಆಗ ಬಾಣದ ಗುರುತು ಅಳಿಸುವ ರಬ್ಬರು ಹಿಡಿದು ನಿಂತಿತ್ತು.

ಮೂವರೂ ಫೋನಿನಲ್ಲಿ ಸೇರಿದೆವು. "ಇದು, ಇದು ತೆಗಿಬೇಕು," ಎಂದು ಅಕ್ಕ ಬೆರಳಿಟ್ಟು ಉಜ್ಜಿದಳು. ಎರಡು ಬೆರಳು ಮಾಯವಾದವು. "ಏಯ್, ಏನೇ ಮಾಡ್ದೆ? ಇದು ಇರ್ಬೇಕು, ಇಲ್ಲಿ ನೋಡು, ಇದು!" ಎಂದು ಅಣ್ಣ ತನ್ನ ಕೈಯ ಮೇಲೇ ಬೆರಳಾಡಿಸಿದ. ಉಳಿದ ಬೆರಳೂ ಹೋದವು. ಅವನು ಸಿಟ್ಟಿನಿಂದ ಒತ್ತಿದಷ್ಟೂ ಹಸ್ತ, ಮಣಿಕಟ್ಟು, ಕೊನೆಗೆ ಅಮ್ಮನ ಭುಜವೂ ಕರಗುತ್ತ ಬಂತು. ಬೇಕು ಅನ್ನುವವನೂ ಬೇಡ ಅನ್ನುವವಳೂ ಆ ಯಂತ್ರಕ್ಕೆ ಒಂದೇ. "ಮುಟ್ಟಬೇಡ್ರೋ!" ಎಂದು ಕೂಗುತ್ತ, ಗಾಬರಿಯಾದಾಗ ಮಾಡುವ ಕೆಲಸವನ್ನೇ ಮಾಡಿದೆ. ಸೇವ್ ಒತ್ತಿದೆ. ಅಷ್ಟರಲ್ಲೇ ನೆಟ್‌ವರ್ಕ್ ಕಡಿದುಹೋಯಿತು.

ಮತ್ತೆ ತೆರೆದಾಗ ಕೈ ಇರಲಿಲ್ಲ. ಹಳೆಯ ಫೋಟೊ ತಂದು ಮೊದಲಿನಿಂದ ಮಾಡಬಹುದಿತ್ತು. ಆದರೆ ಅಣ್ಣನ ಕೈಯನ್ನು ಅಣ್ಣನೇ ಅಳಿಸಿದ್ದಾನೆ, ಇನ್ನು ನನ್ನನ್ನು ಯಾರು ಏನನ್ನುತ್ತಾರೆ ಎಂಬ ಹೇಡಿಯ ನೆಮ್ಮದಿ ನನ್ನದು. ಪ್ರಿಂಟಿನವನು ಬೇರೆ ಅವಸರ ಮಾಡುತ್ತಿದ್ದ. ಕರಗಿದ ಭುಜಕ್ಕೆ ಅಮ್ಮನ ಸೆರಗಿನದೇ ಒಂದು ತುಂಡನ್ನು ನಕಲು ಮಾಡಿ ತೇಪೆ ಹಾಕಿದೆ. ಪರದೆಯ ಮೇಲೆ ಬರಲಿಲ್ಲವೆಂದು ಮತ್ತೆ ಮತ್ತೆ ಹಾಕಿದೆ. ತಡವಾಗಿ ಎಲ್ಲ ತೇಪೆಗಳೂ ಒಟ್ಟಿಗೆ ಬಂದು ಕುಳಿತವು. ಚಿಕ್ಕ ಪರದೆಯಲ್ಲಿ ಅದು ಸೀರೆಯ ನೆರಿಗೆಯಂತೆ ಕಂಡಿತು. ಕಳಿಸಿಬಿಟ್ಟೆ.

ಅಕ್ಕ ಗುಬ್ಬಿಗೆ ಬಂದಳು. ಅಣ್ಣನತ್ತ ನೋಡದೆ ಚಪ್ಪರದೊಳಗೆ ಹೋದವಳು ಫ್ಲೆಕ್ಸಿನ ಮುಂದೆ ನಿಂತುಬಿಟ್ಟಳು. ಹೆಬ್ಬೂರಿನಿಂದ ಬಂದಿದ್ದ ಮುದುಕರೊಬ್ಬರು, "ಅವ್ವಂಗೆ ಗೂನು ಯಾವಾಗ ಬಂತವ್ವಾ?" ಎಂದು ಮರುಗಿದರು.

"ನಮ್ಮವ್ವ ಬಾಣದಂಗೆ ನಡೀತಿದ್ಳು," ಎಂದ ಅಣ್ಣ.

"ಕೋಲು ಕೊಟ್ರೂ ಮೂಲೇಲಿ ಇಡೋಳು ಕಣಣ್ಣ," ಎಂದಳು ಅಕ್ಕ. ಅಮ್ಮ ಹೋದ ಮೇಲೆ ಅವಳು ಅವನೊಂದಿಗೆ ನೇರವಾಗಿ ಆಡಿದ ಮೊದಲ ಮಾತು ಅದು.

"ಇವನ ಕೈಗೆ ಕೊಟ್ಟಿದ್ದೇ ತಪ್ಪಾಯ್ತು ನೋಡು."

"ಚಿಕ್ಕೋನಿದ್ದಾಗಿಂದ್ಲೂ ಅಷ್ಟೇ. ನೆಟ್ಟಗಿರೋದನ್ನ ಕೆಡಿಸೋವರ್ಗೂ ನಿದ್ದೆ ಬರಲ್ಲ ಅವನಿಗೆ."

ಮಾತು ಮುಂದುವರಿಯಿತು. ಅಮ್ಮನ ಔಷಧಿ, ಕೊನೆಗಾಲದ ಕನವರಿಕೆ, ಅಣ್ಣ ಬರಲಾಗದ್ದಕ್ಕೆ ಅವನ ಕಾರಣಗಳು. ಅಕ್ಕ ಎಲ್ಲವನ್ನೂ ನಂಬಿದಳೆಂದು ನನಗನ್ನಿಸಲಿಲ್ಲ, ಆದರೆ ಕೇಳಿಸಿಕೊಂಡಳು. ಇಬ್ಬರೂ ಅಕ್ಕಪಕ್ಕದಲ್ಲಿ ಊಟಕ್ಕೆ ಕುಳಿತರು. ನನಗೆ ಬೇಕಾಗಿದ್ದದ್ದೂ ಅದೇ ಅಲ್ಲವೇ ಎಂದು ಕಣ್ಣೊರೆಸಿಕೊಂಡು, ಪಾಯಸದ ಬಕೆಟ್ಟು ಹಿಡಿದು ಅವರ ಸಾಲಿಗೆ ಹೋದೆ. ಇಬ್ಬರೂ ತಲೆಯೆತ್ತದೆ, ಒಂದೇ ಗಳಿಗೆಗೆ, ಎಲೆಯ ಮೇಲೆ ಕೈ ಅಡ್ಡ ಹಿಡಿದರು. ನಮ್ಮ ಮನೆಯಲ್ಲಿ ಅಷ್ಟೊಂದು ಒಗ್ಗಟ್ಟನ್ನು ನಾನು ಕಂಡದ್ದು ಅದೇ ಮೊದಲು.